ಪೆನ್ಸಿಲ್ ಗುರುತು

ನಲವತ್ತೆರಡನೇ ಪ್ರಶ್ನೆಗೆ ಸಿ ತಾನೇ, ಕ್ಲಾಸಿನ ಪಟ್ಟಾಭಿರಾಮ ಕೇಳುತ್ತಿದ್ದಾನೆ, ಹೂಂ ಸಿ, ಎಂದು ವೆಂಕಟಲಕ್ಷ್ಮಿಯ ಬಾಯಿ ತಾನಾಗಿ ಹೇಳುತ್ತದೆ, ಕೈಯಲ್ಲಿರುವ ಪ್ರಶ್ನೆಪತ್ರಿಕೆಯಲ್ಲೂ ಸಿ ಪಕ್ಕದಲ್ಲೇ ತೆಳ್ಳನೆಯ ಪೆನ್ಸಿಲ್ ಗೆರೆ ಇದೆ, ಆದರೆ ಒಳಗೆ ಕೊಟ್ಟು ಬಂದ ಉತ್ತರದ ಹಾಳೆಯಲ್ಲಿ ನಲವತ್ತೆರಡರ ಮುಂದೆ ಏನಿದೆ, ಏನೂ ಇಲ್ಲ, ಬಿಳಿ ಚೌಕಗಳು, ಸಾಲಿಗೆ ನಾಲ್ಕು ನಾಲ್ಕು, ನೂರಿಪ್ಪತ್ತರವರೆಗೂ ಬಿಳಿ — ಪೀಣ್ಯದ ಈ ಹೈಸ್ಕೂಲಿನ ಹೊಂಗೆ ಮರದಡಿ ಇಷ್ಟೊಂದು ಜನ ಗಲಗಲ ಅನ್ನುತ್ತಿದ್ದಾರೆ, ಎಂಜಿನಿಯರಿಂಗ್ ಸೀಟು ಆಗಲೇ ಜೇಬಿಗೆ ಬಿದ್ದವರ ಹಾಗೆ, ಇವರ ಹಲ್ಲು ಉದುರಿಹೋಗ, ಛೇ, ಇವರೇನು ಮಾಡಿದರು ಪಾಪ. ಹಗ್ಗ ಕಿತ್ತೋದ ಲಿಫ್ಟಲ್ಲಿ ನಿಂತೋನ ತೂಕ, ಸೊನ್ನೆ ಅಲ್ವೇನೇ, ಸೊನ್ನೆ ಕಣೋ, ಅವಳು ಹುಟ್ಟಿದಾರಭ್ಯ ಲಿಫ್ಟು ಹತ್ತಿದವಳಲ್ಲ, ಆದರೂ ಸರಿಯಾಗಿ ಗೊತ್ತು, ಎಲ್ಲಾ ಗೊತ್ತು, ಅದೇ ಹೊಟ್ಟೆ ಉರಿಯುವುದು. ಏ ನಿಂದೆಲ್ಲಾ ಕರೆಕ್ಟು ಕಣೇ, ನಾನೇ ಹಳ್ಳ ಹಿಡ್ದೆ ಅನ್ನುತ್ತಾನೆ ಪಟ್ಟಾಭಿ, ಹಳ್ಳ ಹಿಡಿಯುವುದೆಂದರೆ ಏನು ಅಂತ ನನ್ನ ಕೇಳೋ ಮಾರಾಯ.

ಅಪ್ಪನ ಮಾತು ಕೇಳಿದ್ದೇ ತಪ್ಪಾಯಿತು, ಅಪ್ಪ ಶ್ಯಾಮಣ್ಣ, ಮೆಷಿನ್ ಶಾಪಿನಲ್ಲಿ ಹದಿನೆಂಟು ವರ್ಷದ ಫಿಟ್ಟರು, ಸೀಮೆಸುಣ್ಣದ ಗುರುತು ಹಾಕದೆ ಕಬ್ಬಿಣಕ್ಕೆ ಗರಗಸ ಮುಟ್ಟಿಸಿದವನಲ್ಲ, ಒಂದು ಪೀಸೂ ಕೆಡಿಸಿಲ್ಲ ಕಣಮ್ಮ, ನೀನೂ ಅಂಗೇ ಮಾಡು, ಮೊದ್ಲು ಪೂರ್ತಿ ಪೇಪರ್‌ಗೆ ಪೆನ್ಸಿಲ್ ಗುರುತಾಕ್ಕೋ, ಚೆಕ್ ಮಾಡು, ಆಮೇಲೆ ಉತ್ತರದ ಆಳೆಗೆ ಇಂಕು, ಇಂಕ್ ಬಿದ್ಮೇಲೆ ಅಳಿಸಕ್ಕಾಗಲ್ಲ — ಬೆಳಿಗ್ಗೆ ಬಸ್ಸಿನಲ್ಲಿ ಮೂರು ಸಲ ಹೇಳಿದ, ಅವಳು ತಲೆಯಾಡಿಸಿದಳು, ನೂರಿಪ್ಪತ್ತಕ್ಕೂ ಗುರುತು ಹಾಕಿದಳು, ಚೆಕ್ ಮಾಡಿದಳು, ಗಂಧಕಾಮ್ಲದ ಲೆಕ್ಕವನ್ನು ಎರಡು ಸಲ, ಪೆನ್ನಿನ ಮುಚ್ಚಳ ತೆಗೆಯುವಾಗ ಗಡಿಯಾರದಲ್ಲಿ ಏಳೇ ನಿಮಿಷ, ಒಂದೊಂದೇ ಚೌಕ ತುಂಬುತ್ತಾಳೆ, ನಲವತ್ತು, ನಲವತ್ತೊಂದು, ಗಂಟೆ. ಸಾರ್ ಒಂದ್ನಿಮಿಷ ಸಾರ್, ಕೈ ತೆಗಿಯಮ್ಮ, ಮೇಲ್ವಿಚಾರಕರು ಹಾಳೆ ಎಳೆದುಕೊಂಡರು, ಬಿಳಿ ಚೌಕಗಳು ಅವರ ಹೆಬ್ಬೆರಳಿನ ಕೆಳಗೆ ಹೋದವು.

ಪರೀಕ್ಷೆ ಒಂದೇ ಸಲ, ಅಷ್ಟೇ, ಅಂದಿದ್ದಳು ಅಜ್ಜಿ ಪಿಳ್ಳಮ್ಮ, ಸೀಟು ಸಿಕ್ದಿದ್ರೆ ಆಷಾಡ ಕಳೀತಿದ್ದಂಗೇ ನಂಜಪ್ಪನ ಕೈಗೆ ಕೊಟ್ಬಿಡಾನ, ನಂಜಪ್ಪ ಮಾವ, ಮೂವತ್ತಮೂರು ವರ್ಷ, ಎಲೆಅಡಿಕೆ ಜಗಿಯುತ್ತಾ ಅವಳ ಪುಸ್ತಕಗಳನ್ನು ನೋಡಿ ನಗುವವನು, ಅಪ್ಪ ಒಬ್ಬನೇ ಅಡ್ಡ ನಿಂತದ್ದು, ನನ್ ಮಗಳು ಎಂಜಿನಿಯರ್ ಆಗ್ತಾಳೆ ನೋಡ್ತಿರವ್ವಾ ಅಂತ — ಅಗೋ ಗೇಟಿನಲ್ಲಿ ನೀಲಿ ಅಂಗಿ, ಅರ್ಧ ಶಿಫ್ಟಿಗೆ ರಜಾ ಹಾಕಿ ಬಂದಿದ್ದಾನೆ, ಓಡಿಹೋಗೋಣ ಅನ್ನಿಸುತ್ತದೆ. ಅಂಕಲ್, ನೂರಿಪ್ಪತ್ತಕ್ಕೆ ನೂರಹದಿನಾರು ಕರೆಕ್ಟು ಇವಳದ್ದು, ನಿನ್ನನ್ನು ಯಾರೋ ಕೇಳಿದ್ದು ಪಟ್ಟಾಭಿ, ಅಪ್ಪ ಪ್ರಶ್ನೆಪತ್ರಿಕೆ ಇಸಿದುಕೊಳ್ಳುತ್ತಾನೆ, ಇಂಗ್ಲಿಷ್ ಓದಲು ಬಾರದು, ಹಾಳೆ ಹಾಳೆ ತಿರುವಿ ಪೆನ್ಸಿಲ್ ಗುರುತುಗಳನ್ನಷ್ಟೇ ನೋಡುತ್ತಾನೆ, ಸೀಮೆಸುಣ್ಣ ಮೆತ್ತಿದ ಬೆರಳು ಒಂದೊಂದರ ಮೇಲೂ ನಿಲ್ಲುತ್ತದೆ, ನೋಡ್ದಾ, ಗುರುತಾಕ್ಕೊಂಡು ಮಾಡಿದ್ದಕ್ಕೆ ಎಂಗೆ ಬಂತು ನೋಡ್ದಾ, ಅವನ ಕಣ್ಣಲ್ಲಿ ನೀರು, ಹೇಳಬೇಕು, ಈಗಲೇ ಹೇಳಿಬಿಡಬೇಕು, ಅಪ್ಪಾ ಎನ್ನುತ್ತಾಳೆ, ಏನಮ್ಮ ಎನ್ನುತ್ತಾನೆ, ನಲವತ್ತೆರಡು, ಬಿಳಿ, ನಲವತ್ತಮೂರು, ಬಿಳಿ, ಬಿಳಿ ಚೌಕಗಳು.