ಒಂದು ಗಂಟೆಯ ಪ್ರಶ್ನೆ

ದೊಡ್ಡಮನೆಯ ಅಡುಗೆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಮಧ್ಯಾಹ್ನ ಒಂದು ಗಂಟೆ ಹೊಡೆದರೆ ಅಡುಗೆ ಅಕ್ಕನ ಕಿವಿ ನೆಟ್ಟಗಾಗುತ್ತದೆ. ಹಿರಿಯ ಯಜಮಾನರ ದನಿ ಪಕ್ಕದ ಕೋಣೆಯಿಂದಲೇ ಬಂದಂತಾಗುತ್ತದೆ.

ಬಟ್ಟೆ ಕಾರ್ಖಾನೆಯ ಧಣಿ ಅವರು. ದೇವರಿಗೆ ಕೈಮುಗಿದು ಊಟಕ್ಕೆ ಕೂತವರು ಅಡುಗೆಮನೆಯ ಕಡೆ ತಿರುಗಿ, "ಎಲ್ಲರದ್ದೂ ಊಟ ಆಯ್ತೇನಮ್ಮ?" ಎಂದು ದಿನವೂ ಕೇಳುತ್ತಿದ್ದರು. ಬಾಗಿಲಿಗೆ ಬಂದವರು ಹಸಿದಿದ್ದರೆ ದೇವರು ಒಳಗಿನವರ ಪ್ರಾರ್ಥನೆಗೆ ಕಿವಿಗೊಡುವುದಿಲ್ಲವೆಂಬುದು ಅವರ ನಂಬಿಕೆ. ಅಕ್ಕ "ಆಯ್ತು" ಅನ್ನುವವರೆಗೆ ತುತ್ತು ಎತ್ತುತ್ತಿರಲಿಲ್ಲ. ಒಮ್ಮೆ ಅಕ್ಕ, ಕಾಗದ ಕೊಟ್ಟು ಹೋದ ಅಂಚೆಯವನನ್ನು ಕೇಳಲು ಮರೆತೆ ಎಂದಳು. ತಗೋ, ಯಜಮಾನರು ಎದ್ದೇಬಿಟ್ಟರು! ಅವನನ್ನು ಹುಡುಕಿ ಕರೆತರುವಷ್ಟರಲ್ಲಿ ಮೂರು ಗಂಟೆ. ಅಡುಗೆಯೆಲ್ಲ ತಣ್ಣಗೆ, ಅಮ್ಮಾವ್ರ ಮುಖ ಮಾತ್ರ ಬಿಸಿ. ಪಾಪ, ಅವನು ಮನೆಯಲ್ಲಿ ಉಂಡೇ ಬಂದಿದ್ದನಂತೆ. ಹೇಳಲು ಹೆದರಿ ಇನ್ನೊಮ್ಮೆ ಉಂಡ. ಎಂಥಾ ಕಾಲ ಅದು! ನೆನೆದರೆ ಅಕ್ಕನಿಗೆ ಈಗಲೂ ನಗು ಬರುತ್ತದೆ.

ಮಗ ಯಜಮಾನನಾದ ಮೇಲೂ ಪದ್ಧತಿ ತಪ್ಪಲಿಲ್ಲ. ಬಂದ ನೆಂಟರೆದುರು ಅಪ್ಪನ ಭಕ್ತಿಯನ್ನು ಬಾಯ್ತುಂಬ ಹೊಗಳಿ, ಅದೇ ಪ್ರಶ್ನೆ ಕೇಳುತ್ತಿದ್ದ. ಉತ್ತರ ಬರುವ ಮೊದಲೇ ತುತ್ತು ಬಾಯಿಗೆ ಹೋಗಿರುತ್ತಿತ್ತು, ಅಷ್ಟೇ.

ಒಂದು ವರ್ಷ ಕಾರ್ಖಾನೆಗೆ ಬೀಗ ಬಿತ್ತು. ಕೆಲಸಗಾರರು ಬಂದು ದೊಡ್ಡಮನೆಯ ಗೇಟಿನ ಹೊರಗೆ ಕೂತರು. ಅಕ್ಕನ ಒಡಹುಟ್ಟಿದ ತಮ್ಮನೂ ಅವರಲ್ಲಿದ್ದ, ಎರಡು ದಿನದಿಂದ ಬರೀ ನೀರು ಕುಡಿದು. ಇವತ್ತು "ಇಲ್ಲ" ಎಂದೇ ತೀರುತ್ತೇನೆಂದು ಅಕ್ಕ ತರಕಾರಿ ಹೆಚ್ಚುತ್ತಾ ನೂರು ಸಲ ಹೇಳಿಕೊಂಡಳು. ಹಾಗೆಂದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋದರೆ ಹೋಗಲಿ ಎಂದುಕೊಂಡಳು.

ಒಂದು ಗಂಟೆಯಾಯಿತು. ಚಿಕ್ಕ ಯಜಮಾನ ಕಣ್ಣುಮುಚ್ಚಿ ಪ್ರಾರ್ಥಿಸಿದ. ಅಂದು ಅದೇನಾಗಿತ್ತೋ ಏನೋ, ತುತ್ತು ಎತ್ತಲಿಲ್ಲ. ತಟ್ಟೆಯ ಪಕ್ಕ ಕೈಯಿಟ್ಟು, ಅಕ್ಕನ ಮುಖವನ್ನೇ ನೋಡುತ್ತಾ, ಮೆಲ್ಲಗೆ ಕೇಳಿದ. ಕೇಳಿ ಕಾದ.

"ಆಯ್ತು," ಎಂದಳು ಅಕ್ಕ.

ಭಯವೋ, ಬಾಯಿಗೆ ಬಿದ್ದ ರೂಢಿಯೋ, ಅವಳಿಗೆ ಇಂದಿಗೂ ತಿಳಿಯದು. ಅವನು ಉಣ್ಣತೊಡಗಿದ. ಗೇಟು ತೆರೆಯಲಿಲ್ಲ.

ಈಗಲೂ ತಮ್ಮ ಬಂದರೆ ಆ ಮನೆಯವರ ಭಕ್ತಿಯನ್ನು ಹಿಗ್ಗಾಮುಗ್ಗಾ ಬೈಯುತ್ತಾನೆ. ಹಸಿದಿದ್ದೀರಾ ಅಂತ ಒಂದು ಮಾತಾದರೂ ಕೇಳಿದರಾ ಎನ್ನುತ್ತಾನೆ. ಅಕ್ಕ ಇಷ್ಟು ದಿನ ಹೂಂಗುಟ್ಟುತ್ತಿದ್ದಳು. ಮೊನ್ನೆ ತಡೆಯಲಾಗಲಿಲ್ಲ.

"ಕೇಳಿದ್ರು ಕಣೋ," ಎಂದಳು. "ಆಯ್ತು ಅಂದವಳು ನಾನು."