ಹಜಾರದ ಮೂಲೆ

ಅಣ್ಣ ಶಾಂತರಾಜು ಗುಂಡ್ಲುಪೇಟೆಯಿಂದ ಸ್ಪೀಕರುಗಳ ಸಮೇತ ಹೋಂ ಥಿಯೇಟರ್ ರಿಸೀವರ್ ತಂದ ದಿನವೇ ಅಜ್ಜಿಯ ಮಂಚ ಹಜಾರದ ಮೂಲೆಯಿಂದ ಜಗುಲಿಗೆ ಹೋಯಿತು.

ಅದರ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಡಿಗ್ರಿ ಮಾಡಿದವಳು ಅಂತ ಓದುವ ಕೆಲಸ ನನಗೆ ಬಂತು.

“ಎಂಟು ಓಮ್‌ಗೆ, ಚಾನೆಲ್ಲಿಗೆ ಎಂಬತ್ತು ವ್ಯಾಟ್.”

“ಐದು ಸ್ಪೀಕರ್ರಿಗೆ ನಾನೂರು! ತೆರಕಣಾಂಬೀಲಿ ಹಾಕುದ್ರೆ ಬೇಗೂರ್ಗಂಟ ಕೇಳ್ತದೆ ಕಣ್ಲಾ,” ಎಂದ ಮಹದೇವಪ್ರಸಾದ್. ಅಣ್ಣನ ಆಫೀಸಿನವನು, ವೈರು ಎಳೆಯಲು ಬಂದಿದ್ದ.

“ಎರಡೇ ಚಾನೆಲ್ ಓಡಿಸಿ ಅಳೆದ ಲೆಕ್ಕ ಅಂತ ಬರೆದವ್ರೆ. ಐದೂ ಓಡಿದ್ರೆ ಅಷ್ಟು ಬರಲ್ಲ.”

“ಅದ ಯಾರ್ ಕೇಳುದ್ರು ಬುಡಮ್ಮಿ,” ಎಂದ ಅಣ್ಣ, ಗುಡುಗುವ ಸದ್ದಿನ ದಪ್ಪ ಡಬ್ಬವನ್ನು ತಟ್ಟುತ್ತ. “ಸಬ್‌ವೂಫರ್ ಎಲ್ಲಿಡ್ಬೇಕು, ಅದ ಹೇಳು.”

“ಮೂಲೇಲಿಟ್ರೆ ಬೇಸ್ ಜಾಸ್ತಿ. ಟೀವಿ ಪಕ್ಕ ಗೋಡೆಗಿಟ್ರೂ ನಡೀತದೆ.”

ಎರಡನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಹಜಾರದ ಒಂದು ಮೂಲೆಯಲ್ಲಿ ದೇವರ ಗೂಡು, ಒಂದರಲ್ಲಿ ಬಾಗಿಲು, ಒಂದರಲ್ಲಿ ಬೀರು. ಬೀರು ಸರಿಸುವ ಮಾತು ಯಾರೂ ಆಡಲಿಲ್ಲ. ಉಳಿದದ್ದು ಅಜ್ಜಿಯ ಮೂಲೆ. ಅವಳು ಕೇಳಿಸಿಕೊಂಡಿದ್ದಳು. ಯಾರೂ ಹೇಳುವ ಮೊದಲೇ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದಳು.

“ಆಚೆ ಗಾಳಿ ಚೆಂದಾಗದೆ ಬುಡು ಕೂಸೆ,” ಎಂದಳು. ಪುಷ್ಯಮಾಸದ ಗಾಳಿ. ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿನ ಧೂಳನ್ನು ಅರ್ಧ ಆಯಸ್ಸು ಕುಡಿದ ಎದೆ ಅವಳದು.

ಮಂಚ ಆಚೆಗೆ, ಸಬ್‌ವೂಫರ್ ಮೂಲೆಗೆ. ಆಮೇಲೆ ಕೋಣೆಯನ್ನು ಅಳೆಯುವ ಕೆಲಸ. ನಾವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಪುಟ್ಟ ಮೈಕು ಇಡಬೇಕು. ರಿಸೀವರ್ ಒಂದೊಂದೇ ಸ್ಪೀಕರಿನಿಂದ ಸದ್ದು ಕಳಿಸಿ, ತಾನೇ ಕೇಳಿಸಿಕೊಂಡು, ಹೊಂದಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಉಸಿರೆತ್ತಬಾರದು.

ಮೊದಲ ಸ್ಪೀಕರು ಸದ್ದು ಮಾಡಿತು. ಜಗುಲಿಯಲ್ಲಿ ಅಜ್ಜಿ ಕೆಮ್ಮಿದಳು. ಕೋಣೆಯಲ್ಲಿ ಗದ್ದಲ ಹೆಚ್ಚು, ಮತ್ತೆ ಪ್ರಯತ್ನಿಸಿ ಎಂದು ಟೀವಿಯ ಮೇಲೆ ಬಂತು. ಅಣ್ಣ ರಿಮೋಟ್ ಮತ್ತೆ ಒತ್ತಿದ. ಮತ್ತೆ ಕೆಮ್ಮು.

“ಇನ್ನೊಂದ್ ಸಬ್‌ವೂಫರ್ ಯಾಕ್ಲಾ ತಂದೆ? ಮನೇಲೇ ಒಂದದಲ್ಲ!” ಎಂದ ಮಹದೇವಪ್ರಸಾದ್. ಅಣ್ಣ ನಕ್ಕ. ಆ ನಗು ನನ್ನ ಮೈಗೆ ಬೆಂಕಿ ಇಟ್ಟಿತು.

“ಎ ಅಜ್ಜಿ, ವಸಿ ಬಾಯ್ ಮುಚ್ಕೊಂಡಿರಕ್ಕಾಗಲ್ವಾ?” ಎಂದು ಕೂಗಿ ಅಣ್ಣ ಮತ್ತೆ ಒತ್ತಿದ.

ಈ ಸಲ ಕೆಮ್ಮು ಬರಲಿಲ್ಲ. ಎಡಗಡೆಯದು ಆಯಿತು, ಬಲಗಡೆಯದು ಆಯಿತು. ಇಬ್ಬರೂ ಹೆಬ್ಬೆರಳೆತ್ತಿ ಒಬ್ಬರಿಗೊಬ್ಬರು ತೋರಿಸಿದರು. ನನಗೆ ಸದ್ದಿಲ್ಲದ ಮನೆ ಇಷ್ಟ. ಆದರೆ ಅದು ಅಂಥ ಮೌನವಾಗಿರಲಿಲ್ಲ. ಕಿಟಕಿಯಲ್ಲಿ ಇಣುಕಿದೆ.

ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕತ್ತಿನ ನರ ಉಬ್ಬಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಹೆಗಲು ಅದುರುತ್ತಿತ್ತು, ಸದ್ದಿರಲಿಲ್ಲ.

ಓಡಿಹೋಗಿ ಸೆರಗು ಎಳೆದೆ. “ಕೆಮ್ಮಜ್ಜಿ.”

ಅವಳು ಒಳಗೆ ಕೈ ತೋರಿಸಿ ತಲೆಯಾಡಿಸಿದಳು.

“ಕೆಮ್ಮು ಅಂದೆ!” ಅವಳ ಮೇಲೂ ರೇಗಿದೆ.

ಕೆಮ್ಮಿದಳು. ಬಗ್ಗಿ, ಮಂಚದ ಪಟ್ಟಿ ಹಿಡಿದು, ಎದೆ ಕಿತ್ತುಬರುವ ಹಾಗೆ ಕೆಮ್ಮಿದಳು. ಅಣ್ಣ ಬಾಗಿಲಿಗೆ ಬಂದ.

“ಬುದ್ಧಿ ಇಲ್ವಾ ನಿಂಗೆ? ಎಲ್ಲ ಮುಗೀತಿತ್ತು!”

ಅಜ್ಜಿಯ ಕೈ ಹಿಡಿದು ಒಳಗೆ ಕರೆತಂದೆ. ಸಬ್‌ವೂಫರನ್ನು ಕಾಲಿನಿಂದ ಟೀವಿ ಪಕ್ಕಕ್ಕೆ ತಳ್ಳಿ, ಮೂಲೆಯಲ್ಲಿ ಅವಳನ್ನು ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ.

“ಈಗ ಒತ್ತು. ಅಜ್ಜಿ ಇರೋ ಮನೇನೇ ಅಳೀಲಿ.”

“ಅದು ಅಳೆಯಲ್ಲ ಕಣಮ್ಮಿ!”

“ಹಂಗಾದ್ರೆ ಅದು ಈ ಮನೇದಲ್ಲ. ಮೂಲೆ ಬೇಕೇ ಬೇಕಾದ್ರೆ ಆ ಸಬ್‌ವೂಫರ್ ತಂದು ನಮ್ಮಿಬ್ಬರ ಮೇಲಿಡು.”

ಮಹದೇವಪ್ರಸಾದ್ ಚಪ್ಪಲಿ ಹುಡುಕತೊಡಗಿದ. ಅಣ್ಣ ರಿಮೋಟ್ ಹಿಡಿದು ನಿಂತೇ ಇದ್ದ. ಒತ್ತಲಿಲ್ಲ. ಮಂಚ ತರಲೂ ಹೋಗಲಿಲ್ಲ.

ನಾನೇ ಹೋಗಿ ಎಳೆದು ತಂದೆ. ಮಂಚದ ಕಾಲು ನೆಲಕ್ಕೆ ಉಜ್ಜಿ ಮನೆಯೆಲ್ಲ ಕಿರ್ರೆಂದಿತು. ಎತ್ತಿ ತರಬಹುದಿತ್ತು. ಎತ್ತಲಿಲ್ಲ.