ದೂರದ ಮೂಲೆಯ ಹಳದಿ ಅಂಗಿ

"ಈಗ ಬಂತಾ?" ಮೇಸ್ತ್ರಿ ತಾರಸಿಯ ಅಂಚಿನಿಂದ ಬಗ್ಗಿ ಕೂಗಿದ.

"ಇಲ್ಲಾರೀ!" ಕೆಳಗಿನ ಕಿಟಕಿಯಿಂದ ಹೆಂಡತಿಯ ದನಿ ಬಂತು.

ಆಂಟೆನಾದ ಕೋಲನ್ನು ಒಂದು ಬೆರಳಿನಷ್ಟು ತಿರುಗಿಸಿ ಮತ್ತೆ ಬಗ್ಗಿದ. "ಈಗ?"

"ಕಪ್ಪು ಪರದೆ. ಆಗಲೂ ಕಪ್ಪು, ಈಗಲೂ ಕಪ್ಪು. ಎಷ್ಟು ಸಲ ಹೇಳ್ಲಿ?"

ಗಂಟೆ ಮೂರೂಕಾಲು ಆಗಿತ್ತು. ನಾಲ್ಕಕ್ಕೆ ವಾಲಿಬಾಲ್ ಫೈನಲ್. ಚೆಂಡು ಗೆರೆಯ ಒಳಗೋ ಹೊರಗೋ ಎಂದು ಹೇಳಲು ಅಂಕಣದ ನಾಲ್ಕು ಮೂಲೆಯಲ್ಲಿ ಬಾವುಟ ಹಿಡಿದು ನಿಲ್ಲುವ ನಾಲ್ವರು ಲೈನ್ ಅಂಪೈರುಗಳಲ್ಲಿ ಒಬ್ಬಳು ಅವನ ಮಗಳು. ಅವಳನ್ನು ಇವತ್ತು ಕಣ್ಣಾರೆ ನೋಡದಿದ್ದರೆ ಸಂಜೆ ಅವಳ ಫೋನು ಬಂದಾಗ ಏನು ಹೇಳುವುದು ಎಂಬುದೇ ಅವನ ಚಿಂತೆ.

ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವ ಈ ಮನುಷ್ಯನಿಗೆ ಕಂಪನಿಯಲ್ಲಿ ಡಬಲ್ ಮೇಸ್ತ್ರಿ ಎಂದೇ ಹೆಸರು. ಒಂದು ನಟ್ಟು ಸಾಕು ಎಂದ ಕಡೆ ಎರಡು ಬಿಗಿಯುವವನು. ಬೆಳಿಗ್ಗೆ ಪರೀಕ್ಷಿಸಿದ ಬ್ರೇಕನ್ನು ಊಟ ಮುಗಿಸಿ ಬಂದು ಇನ್ನೊಮ್ಮೆ ಪರೀಕ್ಷಿಸುವವನು. ಲಿಫ್ಟು ಎಳೆಯೋಕೆ ಒಂದು ಉಕ್ಕಿನ ಹಗ್ಗ ಸಾಕು, ಆದರೂ ಐದು ಹಾಕ್ತೀವಿ, ಯಾಕೆ ಹೇಳಿ ಎಂದು ಹೊಸಬರನ್ನು ಕೇಳುತ್ತಿದ್ದ. ಅವರು ಬಾಯಿ ತೆರೆಯುವ ಮೊದಲೇ ತಾನೇ ಉತ್ತರವನ್ನೂ ಹೇಳಿಬಿಡುತ್ತಿದ್ದ: "ಒಳಗೆ ನಿಲ್ಲೋರು ಮನುಷ್ಯರು ಕಣ್ರಯ್ಯಾ, ಮೂಟೆಗಳಲ್ಲ." ಮನೆಯಲ್ಲೂ ಬಾಗಿಲಿಗೆ ಎರಡು ಬೀಗ, ಮೂಲೆಯಲ್ಲಿ ಎರಡು ಏಣಿ, ಡ್ರಾಯರಿನಲ್ಲಿ ಎರಡು ಟಾರ್ಚು. ಎರಡಿಲ್ಲದೆ ಒಂದೇ ಇದ್ದದ್ದು ಮಗಳು ಮಾತ್ರ.

ಆ ಮಗಳು ಬೇರೆ ಊರಿನ ಶಾಲೆಯಲ್ಲಿ ಆಟದ ಟೀಚರು. ಲೈನ್ ಅಂಪೈರ್ ಪರೀಕ್ಷೆ ಪಾಸಾದೆ ಎಂದು ಹೇಳಿಕೊಂಡು ಕುಣಿಯುತ್ತಾ ಬಂದ ದಿನ ಮೇಸ್ತ್ರಿ ಪೇಪರಿನಿಂದ ತಲೆ ಎತ್ತದೆ, "ಇಬ್ಬರು ಅಂಪೈರು ಆಗಲೇ ಇರ್ತಾರಲ್ಲ, ಇನ್ನು ಬಾವುಟ ಹಿಡಿಯೋಕೆ ನಾಲ್ಕು ಜನ ಯಾಕಂತೆ?" ಎಂದಿದ್ದ. ತಮಾಷೆಗೆ ಅಂದದ್ದು. ಆದರೆ ಅವಳ ಮುಖ ಚಿಕ್ಕದಾದದ್ದನ್ನು ಅವನು ಪೇಪರಿನ ಮೇಲಂಚಿನಿಂದ ಕಂಡಿದ್ದ. ಕಂಡೂ ಸುಮ್ಮನಿದ್ದ.

ಅದರ ಮೇಲೆ ಮೊನ್ನೆಯ ಸೆಮಿಫೈನಲ್ ಬೇರೆ. ಮನೆಯ ಹಳೆಯ ಟೀವಿಯಲ್ಲಿ ಮೂಲೆಗಳಲ್ಲಿ ನಿಂತವರು ನಾಲ್ಕು ಹಳದಿ ಚುಕ್ಕೆಗಳಾಗಿ ಕಂಡಿದ್ದರು. ಅವುಗಳಲ್ಲಿ ಮಗಳು ಯಾವ ಚುಕ್ಕೆ ಎಂದು ದೇವರಿಗೇ ಗೊತ್ತು. ಸಂಜೆ ಅವಳು ಫೋನಿನಲ್ಲಿ ನೋಡಿದೆಯಾ ಅಪ್ಪ ಎಂದಾಗ ಮೇಸ್ತ್ರಿ ಧಾರಾಳವಾಗಿ, "ನೋಡದೆ ಏನು! ನೀನು ಅಂಪೈರ್ ಬೆನ್ನ ಹಿಂದೆ ನಿಂತಿದ್ದೆ. ಬಾವುಟ ಚೆನ್ನಾಗಿ ಬೀಸಿದೆ" ಎಂದುಬಿಟ್ಟ. "ನಾನು ಎದುರು ಮೂಲೇಲಿದ್ದೆ ಅಪ್ಪ. ಹೋಗ್ಲಿ ಬಿಡು" ಎಂದು ಅವಳು ಫೋನಿಟ್ಟಳು. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ಮೇಸ್ತ್ರಿಗೆ ಊಟ ಸೇರಲಿಲ್ಲ.

ಈ ಪಂದ್ಯವನ್ನು ಇಂಟರ್‌ನೆಟ್ಟಿನಲ್ಲಿ ತೋರಿಸುತ್ತಿರಲಿಲ್ಲ. ಟವರಿನಿಂದ ನೇರ ಆಂಟೆನಾಕ್ಕೆ ಬರುವ ಪುಕ್ಕಟೆ ಚಾನೆಲ್ಲೇ ಗತಿ. ಅದೇ ಚಾನೆಲ್ ಈಗ ಎಚ್‌ಡಿಯಲ್ಲೂ ಬರುತ್ತದೆ, ಕೂದಲ ಎಳೆ ಎಣಿಸುವಷ್ಟು ಸ್ಪಷ್ಟ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯವನು ಹೇಳಿದ್ದ. ಅದಕ್ಕೆ ಹೊಸ ಟೀವಿಯೇ ಆಗಬೇಕೆಂದಿಲ್ಲ, ಹೆಬ್ಬೆರಳಿನಷ್ಟು ಉದ್ದದ ಯುಎಸ್‌ಬಿ ಟ್ಯೂನರ್ ಸಾಕು. ಅದರ ಒಂದು ತುದಿಗೆ ಆಂಟೆನಾದ ವೈರು ಸಿಕ್ಕಿಸಿ ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಕಂಪ್ಯೂಟರೇ ಟೀವಿ. ಮೇಸ್ತ್ರಿ ಇದ್ದದ್ದರಲ್ಲಿ ಅಗ್ಗದ್ದನ್ನು ತಂದ. ಅದು ಹಳೇ ನಮೂನೆಯದು, ಎಚ್‌ಡಿಯನ್ನು ಮೂಸಿಯೂ ನೋಡಲಿಲ್ಲ. ಓಡಿಹೋಗಿ ಇನ್ನೊಂದನ್ನು ತಂದ. ನಿನ್ನೆ ಸಂಜೆ ಕೋಣೆಯೊಳಗೇ ಒಂದು ತುಂಡು ವೈರು ನೇತುಹಾಕಿ ನೋಡಿದಾಗ, ಹತ್ತು ಸೆಕೆಂಡಿನ ಮಟ್ಟಿಗೆ, ವಾರ್ತೆ ಓದುವವಳ ರೆಪ್ಪೆಯ ಒಂದೊಂದು ಕೂದಲೂ ಕಂಡಿತ್ತು! ಗಂಡ ಹೆಂಡತಿ ಇಬ್ಬರೂ ಕುರ್ಚಿಯಿಂದ ಎದ್ದು ನಿಂತಿದ್ದರು. ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆದು ಮಾಯವಾಯಿತು.

ಒಳಗೆ ತುಂಡು ವೈರಿಗೇ ಇಷ್ಟು ಬಂದರೆ ತಾರಸಿಯ ಮೇಲೆ ದೊಡ್ಡ ಆಂಟೆನಾ ಹಾಕಿದರೆ ಇನ್ನೆಷ್ಟು ಬರಬೇಡ ಎಂದುಕೊಂಡು ಇವತ್ತು ರಜೆ ಹಾಕಿ ಬೆಳಿಗ್ಗೆಯಿಂದ ದುಡಿದಿದ್ದ. ಕೋಲಿಗೆ ಎರಡು ಕಡೆ ಕ್ಲಾಂಪು. ಸಿಗ್ನಲ್ಲಿನ ಬಲ ಹೆಚ್ಚಿಸಲು ಬೂಸ್ಟರ್ ಡಬ್ಬಿ, ಅದೂ ಎರಡು, ಒಂದರ ಹಿಂದೆ ಒಂದು. ಇಷ್ಟೆಲ್ಲ ಆದ ಮೇಲೆ ನಿನ್ನೆಯ ಹತ್ತು ಸೆಕೆಂಡೂ ಇಲ್ಲ.

ಮೇಸ್ತ್ರಿ ಮೆಟ್ಟಿಲು ಹಾರುತ್ತಾ ಕೆಳಗಿಳಿದ. ಹೆಂಡತಿ ಮನೆಯಲ್ಲೇ ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡುವವಳು, ಕಂಪ್ಯೂಟರು ಅವಳದು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪರದೆಯ ಕೆಳಗಿದ್ದ ಎರಡು ಪಟ್ಟಿಗಳನ್ನು ನೋಡುತ್ತಿದ್ದಳು.

"ನೋಡು, ಪಟ್ಟಿ ಪೂರ್ತಿ ಹಸಿರಾಗಿದೆ, ನೂರಕ್ಕೆ ನೂರು!" ಎಂದ ಮೇಸ್ತ್ರಿ. "ಆದರೂ ಚಿತ್ರ ಯಾಕೆ ಬರಲ್ಲ ಇದಕ್ಕೆ? ಮೂರನೇ ಬೂಸ್ಟರ್ ತಂದುಬಿಡ್ಲಾ? ಅಂಗಡಿಗೆ ಹೋಗಿ ಬರೋಕೆ ಇಪ್ಪತ್ತು ನಿಮಿಷ."

"ಸ್ವಲ್ಪ ಕೂತ್ಕೊಳ್ಳಿ. ನೂರು ಇರೋದು ಮೇಲಿನ ಪಟ್ಟಿ. ಅದು ಬಲ. ಕೆಳಗಿನದು ಗುಣಮಟ್ಟ. ಅದೆಷ್ಟಿದೆ ನೋಡಿ."

ಮೇಸ್ತ್ರಿ ಬಗ್ಗಿ ನೋಡಿದ. ನಾಲ್ಕು ಇತ್ತು.

"ಟವರ್ ಎಲ್ಲಿದೆ?" ಎಂದು ಅವಳು ಕೇಳಿದಳು.

ಟವರ್ ಕಿಟಕಿಯಿಂದಲೇ ಕಾಣುತ್ತಿತ್ತು. ಬಸ್ ಡಿಪೋದ ಹಿಂದೆ, ಕೆಂಪು ಬಿಳಿ ಪಟ್ಟೆಯದು, ಎರಡು ಸ್ಟಾಪಿನಷ್ಟು ದೂರ.

"ಪಕ್ಕದಲ್ಲಿ ನಿಂತು ಮಾತಾಡೋರ ಬಾಯಿಗೆ ನೀವು ಎರಡು ಮೈಕ್ ಹಿಡಿದಿದ್ದೀರಿ" ಎಂದಳು ಹೆಂಡತಿ. "ಟ್ಯೂನರಿನ ಕಿವಿ ಗುಂಯ್ ಅಂತಿದೆ. ಇನ್ನು ಮಾತು ಎಲ್ಲಿಂದ ಕೇಳಬೇಕು? ಬೂಸ್ಟರ್ ತೆಗೀರಿ."

"ಎರಡೂನಾ?"

"ಎರಡೂ."

"ಒಂದಾದ್ರೂ ಇರ್ಲಿ ಕಣೇ. ನಾಲ್ಕು ಗಂಟೆಗೆ ಸಿಗ್ನಲ್ ಕಮ್ಮಿ ಆದ್ರೆ? ಒಂದರ ಜೊತೆ ಇನ್ನೊಂದಿದ್ರೆ ಧೈರ್ಯ."

ಅವಳು ಕನ್ನಡಕ ತೆಗೆದಳು. ಅದನ್ನು ತೆಗೆದಳೆಂದರೆ ಮಾತು ನೆಟ್ಟಗೆ ಬರುತ್ತದೆ ಎಂದು ಮೇಸ್ತ್ರಿಗೆ ಗೊತ್ತಿತ್ತು.

"ಒಂದು ಮಾತು ಹೇಳ್ಲಾ? ಒಂದು ಹಗ್ಗ ಸಾಕಾಗೋ ಕಡೆ ಐದು ಹಾಕೋರು ನೀವು. ಮನೆಗೆ ಎರಡು ಬೀಗ, ಗಾಳಿಗೆ ಎರಡು ಬೂಸ್ಟರು. ಆದ್ರೆ ಮಗಳು ಗೆರೆ ಕಾಯ್ತೀನಿ ಅಂದಾಗ ಮಾತ್ರ, ಇಬ್ಬರಿದ್ದಾರಲ್ಲ, ನೀನ್ಯಾಕೆ ಅಂದ್ರಿ. ಐದನೇ ಹಗ್ಗಾನ ಯಾವತ್ತಾದ್ರೂ ಹಾಗೆ ಕೇಳಿದೀರಾ?"

ಮೇಸ್ತ್ರಿಗೆ, ಮೂವತ್ತು ವರ್ಷ ತಾನು ಹೊಸಬರಿಗೆ ಹೇಳುತ್ತಾ ಬಂದ ಪಾಠವನ್ನು ಯಾರೋ ತನ್ನ ಮುಂದೆಯೇ ಓದಿದ ಹಾಗಾಯಿತು. ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ಸ್ಪ್ಯಾನರ್ ತೆಗೆದುಕೊಂಡು ಮತ್ತೆ ತಾರಸಿ ಹತ್ತಿದ.

ಒಂದು ಡಬ್ಬಿ ಕಳಚಿ ವೈರು ಜೋಡಿಸಿದ. "ಈಗ?"

"ಗುಣಮಟ್ಟ ಮೂವತ್ತು! ಏನೋ ಅಲ್ಲಾಡ್ತಿದೆ!"

ಎರಡನೆಯದನ್ನು ಕಳಚುವಾಗ ಕೈ ಒಂದಿಷ್ಟು ಹಿಂಜರಿಯಿತು. ಕಳಚಿ, ಆಂಟೆನಾದ ವೈರನ್ನು ಕೆಳಗೆ ಹೋಗುವ ವೈರಿಗೆ ನೇರ ಸೇರಿಸಿದ. ಕೇಳುವ ಮೊದಲೇ ಕೆಳಗಿನಿಂದ ಕಿರುಚಾಟ ಕೇಳಿಸಿತು.

"ಬಂತು! ರೀ, ಬಂತು! ತೊಂಬತ್ತೆರಡು! ಬೇಗ ಬನ್ನಿ, ಗೆರೆ ಎಳೆದ ಬಣ್ಣ ಸಹ ಕಾಣ್ತಿದೆ!"

ಮೆಟ್ಟಿಲಿನಲ್ಲಿ ಒಂದು ಚಪ್ಪಲಿ ಉಳಿಯಿತು. ಮೇಸ್ತ್ರಿ ಅದನ್ನು ಅಲ್ಲೇ ಬಿಟ್ಟು ಓಡಿದ.

ನಾಲ್ಕು ಹೊಡೆದು ಪಂದ್ಯ ಆಗಷ್ಟೇ ಶುರುವಾಗಿತ್ತು. ಅಂಕಣದ ಮರದ ನೆಲ ಫಳಫಳ ಹೊಳೆಯುತ್ತಿತ್ತು. ಬಲೆಯ ಒಂದೊಂದು ಕಣ್ಣೂ ಬೇರೆ ಬೇರೆ ಕಾಣುತ್ತಿತ್ತು. ಆಟಗಾರ್ತಿಯರು ಕೈಗೆ ಸುತ್ತಿಕೊಂಡ ಪಟ್ಟಿ, ಚೆಂಡಿನ ಮೇಲಿನ ಹೊಲಿಗೆ, ಏನು ಬೇಕು ಕೇಳಿ! ಮೇಸ್ತ್ರಿಯ ಕಣ್ಣು ನಾಲ್ಕು ಮೂಲೆ ಸುತ್ತಿತು. ಹತ್ತಿರದ ಎರಡು ಹಳದಿ ಅಂಗಿಗಳು ಗಂಡಸರು. ದೂರದ ಎಡಕ್ಕೆ ಕುಳ್ಳಗಿನ ಹುಡುಗಿ. ದೂರದ ಬಲಕ್ಕೆ ನಿಂತವಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿಕೊಂಡಿದ್ದಳು. ಒಂದನೇ ಕ್ಲಾಸಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆಯುವಾಗಲೂ ಅವಳು ಹೀಗೇ ಕಚ್ಚುತ್ತಿದ್ದಳು.

"ಅಗೋ!" ಎಂದ. ಬೆರಳನ್ನು ಪರದೆಗೇ ಒತ್ತಿ ತೋರಿಸಿದ.

"ಹೌದು, ಅವಳೇ. ಕೆಂಡದ ಹಾಗೆ ಸುಡ್ತಿದೆ ನಿಮ್ಮ ಟ್ಯೂನರ್" ಎಂದು ಹೆಂಡತಿ ಹತ್ತನೇ ತರಗತಿಯ ವಿಜ್ಞಾನ ಪ್ರಶ್ನೆಪತ್ರಿಕೆ ಮಡಿಸಿ ಅದಕ್ಕೆ ಗಾಳಿ ಹಾಕತೊಡಗಿದಳು. ಪಂದ್ಯ ಮುಗಿಯುವವರೆಗೂ ಇಬ್ಬರೂ ಸರದಿಯಲ್ಲಿ ಗಾಳಿ ಹಾಕಿದರು.

ಪಂದ್ಯವೋ, ಮುಗಿಯುವ ಹಾಗೇ ಇರಲಿಲ್ಲ. ಕೆಂಪು ತಂಡ ಎರಡು ಸೆಟ್ಟು, ಬಿಳಿ ತಂಡ ಎರಡು. ಐದನೆಯ ಸೆಟ್ಟಿನಲ್ಲಿ ಕೆಂಪಿಗೆ ಹದಿನಾಲ್ಕು, ಬಿಳಿಗೆ ಹದಿಮೂರು. ಇನ್ನೊಂದು ಅಂಕ ಬಂದರೆ ಕೆಂಪು ಗೆದ್ದ ಹಾಗೆ. ಕೆಂಪಿನವಳು ಎಗರಿ ಹೊಡೆದಳು. ಬಿಳಿಯ ಇಬ್ಬರು ಬಲೆಯ ಮೇಲೆ ಕೈ ಚಾಚಿದರು. ಚೆಂಡು ಅವರನ್ನು ದಾಟಿ ಹೋಗಿ ಗೆರೆಯಿಂದ ಎರಡು ಮಾರು ಆಚೆ ಬಿತ್ತು. ಎತ್ತರದ ಮೆಟ್ಟಿಲ ಮೇಲೆ ಕೂತಿದ್ದ ಅಂಪೈರ್ ಔಟ್ ಎಂದು ಎರಡೂ ಕೈ ಎತ್ತಿದ. ಬಿಳಿಯವರು ಕುಣಿದರು.

ದೂರದ ಬಲ ಮೂಲೆಯಲ್ಲಿ ಬಾವುಟ ನೆಟ್ಟಗೆ ನಿಂತಿತ್ತು. ಅದರ ತುದಿಯ ಮೇಲೆ ಮಗಳ ಅಂಗೈ ಇತ್ತು.

"ಏನದು? ಏನು ಹೇಳ್ತಿದ್ದಾಳೆ?" ಹೆಂಡತಿ ಗಾಳಿ ಹಾಕುವುದನ್ನು ಮರೆತಳು.

"ಮುಟ್ಟಿದೆ ಅಂತ!" ಮೇಸ್ತ್ರಿ ನಿನ್ನೆಯೇ ಆ ಸನ್ನೆಗಳನ್ನೆಲ್ಲ ಓದಿಕೊಂಡಿದ್ದ, ಎರಡು ಸಲ. "ಚೆಂಡು ಬಿಳಿಯೋರ ಕೈ ಮುಟ್ಟಿ ಆಚೆ ಹೋಗಿದೆ ಅಂತ. ಹಾಗಾದ್ರೆ ಅಂಕ ಕೆಂಪಿಗೆ!"

ಬಿಳಿಯವರು ಅವಳ ಮೂಲೆಗೆ ನುಗ್ಗಿ ಕೈ ಬೀಸಿ ಕೂಗಾಡಿದರು. ಇಡೀ ಸ್ಟೇಡಿಯಂ ಕೂಗುತ್ತಿತ್ತು. ಕ್ಯಾಮೆರಾ ಅವಳ ಮುಖವನ್ನು ಪರದೆಯ ತುಂಬಾ ತಂದಿತು. ಹಣೆಯಿಂದ ಬೆವರಿನ ಹನಿಯೊಂದು ಇಳಿದು ಹುಬ್ಬಿನಲ್ಲಿ ನಿಂತಿತು. ಅವಳು ಒರೆಸಿಕೊಳ್ಳಲಿಲ್ಲ. ಅಂಗೈ ಬಾವುಟದ ಮೇಲಿಂದ ಕದಲಲಿಲ್ಲ. ಅಂಪೈರ್ ಕರೆದ. ಅವಳು ನಡೆದು ಹೋಗಿ ಎರಡು ಮಾತು ಹೇಳಿ ಅದೇ ನಡಿಗೆಯಲ್ಲಿ ಮೂಲೆಗೆ ಮರಳಿದಳು.

ಆಗ ಹೊಡೆತವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಿದರು. ಕೈ ಚಾಚಿದ್ದ ಬಿಳಿಯವಳೊಬ್ಬಳ ಕಿರುಬೆರಳ ತುದಿ ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಬಾಗಿ ಮುಂದಕ್ಕೆ ಬಂತು.

"ಮುಟ್ಟಿದೆ!" ಮೇಸ್ತ್ರಿ ಮೇಜು ಗುದ್ದಿದ. "ಬೆರಳು ಬಾಗ್ತು ನೋಡಿದ್ಯಾ? ನನ್ನ ಮಗಳು ಅಷ್ಟು ದೂರದಿಂದ ಕಂಡಳು ಕಣೇ! ಮೇಲೆ ಕೂತವನಿಗೆ ಕಾಣ್ಲಿಲ್ಲ, ಇವಳಿಗೆ ಕಾಣ್ತು!"

ಅಂಪೈರ್ ಕೈಯನ್ನು ಕೆಂಪು ತಂಡದ ಕಡೆ ಚಾಚಿದ. ಬಿಳಿಯವಳು ಕಿರುಬೆರಳನ್ನು ಹಿಡಿದುಕೊಂಡು ಹೌದೆಂದು ತಲೆಯಾಡಿಸಿದಳು. ಹೆಂಡತಿ ಅಳುತ್ತಿದ್ದಳೋ ನಗುತ್ತಿದ್ದಳೋ, ಕೈಯಲ್ಲಿದ್ದ ವಿಜ್ಞಾನ ಪತ್ರಿಕೆ ಮುದ್ದೆಯಾಗಿ ಹೋಗಿತ್ತು.

ಬಹುಮಾನ ಕೊಟ್ಟು ಮುಗಿದು ಜನ ಕರಗಿದರೂ ಚಾನೆಲ್ಲಿನವರು ಖಾಲಿ ಅಂಕಣ ತೋರಿಸುತ್ತಾ ಏನೋ ಮಾತಾಡುತ್ತಿದ್ದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಅಪ್ಪ... ನೋಡಿದೆಯಾ?" ಮಗಳ ದನಿ ಸಲೀಸಾಗಿರಲಿಲ್ಲ. ಕೇಳಲೋ ಬೇಡವೋ ಎನ್ನುವಂತಿತ್ತು.

"ನೋಡಿದೆ."

"ಹೂಂ" ಎಂದಳು ಅವಳು, ಮೊನ್ನೆಯ ಅದೇ ದನಿಯಲ್ಲಿ.

"ದೂರದ ಬಲ ಮೂಲೆ" ಎಂದ ಮೇಸ್ತ್ರಿ. "ತುಟಿ ಕಚ್ಕೊಂಡಿದ್ದೆ. ಅಂಪೈರ್ ಹತ್ರ ಹೋಗುವಾಗ ಎಡಗಾಲಿನ ಶೂ ಲೇಸು ಬಿಚ್ಚಿ ನೆಲದ ಮೇಲೆ ಎಳೀತಾ ಇತ್ತು. ಮೊನ್ನೆ ನೋಡಿರಲಿಲ್ಲ ಕಣಮ್ಮ, ಸುಳ್ಳು ಹೇಳಿದೆ. ಇವತ್ತು ನೋಡಿದೆ."

"ಲೇಸಾ?" ಎಂದಳು ಅವಳು. ಆಮೇಲೆ ನಗು ಉಕ್ಕಿತು. "ಅಯ್ಯೋ, ಇನ್ನೂ ಹಾಗೇ ಇದೆ! ನನಗೇ ಗೊತ್ತಿಲ್ಲ. ನಿನಗೆ ಹೇಗಪ್ಪ ಕಾಣ್ತು?"

"ಅದು ದೊಡ್ಡ ಕತೆ. ನಾಲ್ಕು ಮೂಲೆಗೆ ನಾಲ್ಕೇ ಜನ ಸಾಕಾಗ್ತೀರಾ ನೀವು?"

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಸಾಕಾಗ್ತೀವಿ ಅಪ್ಪ."

"ಮೊದಲು ಲೇಸು ಕಟ್ಕೋ. ಎರಡು ಗಂಟು ಹಾಕು."

"ಇರು, ಫೋನ್ ಕೆಳಗಿಡ್ತೀನಿ."

ಫೋನು ಮರದ ನೆಲಕ್ಕೆ ತಾಗಿದ ಟಕ್ ಎಂಬ ಸದ್ದು ಕಿವಿಗೆ ಬಿತ್ತು. ಪರದೆಯಲ್ಲಿ ಇಬ್ಬರು ಬಲೆ ಸುತ್ತುತ್ತಿದ್ದರು. ಅವರ ಹಿಂದೆ, ದೂರದ ಮೂಲೆಯಲ್ಲಿ, ಹಳದಿ ಅಂಗಿಯೊಂದು ಕಿವಿಗೆ ಫೋನು ಹಿಡಿದು ನಿಂತೇ ಇತ್ತು. ಟವರು ದಾಟಿ ಬರುವ ಚಿತ್ರ ನಾಲ್ಕೈದು ಸೆಕೆಂಡು ತಡ. ಮೇಸ್ತ್ರಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಈಗ ಅವಳು ಅಲ್ಲೂ ಕೂತಳು, ಫೋನನ್ನು ನೆಲದ ಮೇಲಿಟ್ಟಳು, ಎಡಗಾಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಒಂದು ಗಂಟು.

ಅವನು ಉಸಿರು ಬಿಗಿಹಿಡಿದು ಕಾದ. ಎರಡನೆಯದು.